ಮಾತಿನ ಒಡವೆ, ಮಾತಿನ ಒಡಲು

ಕನ್ನಡದಲ್ಲಿ ಅಂಗಡಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ಓಡುತ್ತದೆ. ನಾವು ಸಂಸಾರ ನಡೆಸುತ್ತೇವೆ, ಸಭೆ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ. ಇಂಗ್ಲಿಷಿನವರು ಇವೆಲ್ಲವನ್ನೂ ‘ರನ್’ ಮಾಡುತ್ತಾರೆ, ಅಂದರೆ ಓಡಿಸುತ್ತಾರೆ. ಅವರ ನದಿ ಓಡುತ್ತದೆ, ನಮ್ಮದು ಹರಿಯುತ್ತದೆ. ನೆಗಡಿಯಾದರೆ ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ. ಬ್ರಿಟನ್ನಿನವರೂ ನಾವೂ ಚುನಾವಣೆಗೆ ನಿಲ್ಲುತ್ತೇವೆ. ಹಾಗೆಂದು ಕನ್ನಡದ ಓಟವೂ ಬರೀ ಕಾಲಿನದಲ್ಲ. ಬಸ್ಸು ಓಡುತ್ತದೆ, ಜನ ಮೆಚ್ಚಿದ ಸಿನಿಮಾ ನೂರು ದಿನ ಓಡುತ್ತದೆ, ದಣಿದಾಗ ತಲೆ ಓಡುವುದಿಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ ನೂರಾರು ಅರ್ಥಗಳನ್ನು ಕೊಟ್ಟಿದ್ದಾರೆ. ಅಷ್ಟನ್ನೂ ಬಾಯಿಪಾಠ ಮಾಡಲು ಹೊರಟರೆ ಯಾರಿಗೂ ಆಗದ ಕೆಲಸ. ಆದರೆ ಕಾಲೆತ್ತಿ ಓಡುವ ಒಂದು ಪ್ರಾಣಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಆ ಓಟದ ಯಾವ ಗುಣವನ್ನು ನದಿಗೆ ಕೊಟ್ಟರು, ಯಾವುದನ್ನು ಯಂತ್ರಕ್ಕೆ ಕೊಟ್ಟರು, ಯಂತ್ರದಿಂದ ಅದು ಅಂಗಡಿಗೆ ಹೇಗೆ ದಾಟಿತು ಎಂದು ಕೇಳುತ್ತ ಹೋದರೆ, ಬಿಡಿಬಿಡಿಯಾಗಿ ಕಂಡ ಅರ್ಥಗಳು ಒಂದೇ ಮರದ ಕೊಂಬೆಗಳಾಗಿ ಕಾಣತೊಡಗುತ್ತವೆ.

ಒಂದು ವಸ್ತುವಿನ ಗುಣವನ್ನು ಇನ್ನೊಂದರ ಮೇಲೆ ಹೊರಿಸುವ ಈ ಕೆಲಸಕ್ಕೆ ಕಾವ್ಯಶಾಸ್ತ್ರದಲ್ಲಿ ರೂಪಕವೆಂದು ಹೆಸರು. ಅಂಗಡಿ ‘ಓಡಿಸುವ’ ಇಂಗ್ಲಿಷ್ ವ್ಯಾಪಾರಿ ಕವಿಯಲ್ಲ, ತಾನು ಅಲಂಕಾರ ಬಳಸುತ್ತಿದ್ದೇನೆಂಬ ಅರಿವೂ ಅವನಿಗಿಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಪಾಠದಲ್ಲಿ ಮಾತ್ರ ಈ ಎರಡು ಸಂಗತಿಗಳು ಒಂದನ್ನೊಂದು ನೋಡುವುದೇ ಇಲ್ಲ. ಪದಗಳ ಅರ್ಥ ಪಾಠದ ಕೊನೆಯ ಪಟ್ಟಿಯಲ್ಲಿರುತ್ತದೆ: ಎಡಗಡೆ ಪದ, ಬಲಗಡೆ ಅರ್ಥ. ಅಲಂಕಾರ ಪದ್ಯಭಾಗದ ಪ್ರಶ್ನೆಯಲ್ಲಿರುತ್ತದೆ: ಈ ಸಾಲಿನಲ್ಲಿರುವ ಅಲಂಕಾರವನ್ನು ಹೆಸರಿಸಿ, ಒಂದು ಅಂಕ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ ಎಂಬ ನಾಲ್ಕಾರು ಹೆಸರುಗಳಲ್ಲಿ ಒಂದನ್ನು ಬರೆದರೆ ಅಂಕ ಬಂತು, ಪದ್ಯ ಮುಗಿಯಿತು. ತಲೆಮಾರುಗಳಿಂದ ನಮ್ಮ ಮನೆಗಳ ಕಪಾಟಿನಲ್ಲಿ ಕುಳಿತಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲೂ ಅಲಂಕಾರಗಳಿಗೆ ಒಂದು ಪ್ರತ್ಯೇಕ ಅಧ್ಯಾಯ, ಲಕ್ಷಣ ಮತ್ತು ಉದಾಹರಣೆಗಳ ಸಾಲು. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಇಂಗ್ಲಿಷಿನಲ್ಲಿ ಅರ್ಥ ಹುಟ್ಟುವುದೂ ಬೆಳೆಯುವುದೂ ಬದಲಾಗುವುದೂ ಅಲಂಕಾರಗಳ ಮೂಲಕವೇ. ಆದ್ದರಿಂದ ಅರ್ಥದ ಓದು ಬೇರೆ, ಅಲಂಕಾರದ ಓದು ಬೇರೆ ಎಂದು ಎರಡು ಮಾಡಲಾಗದು. ಎರಡು ಮಾಡಿದಾಗ ಎರಡೂ ಕೈಬಿಟ್ಟು ಹೋಗುತ್ತವೆ.

ತಪ್ಪಿಗೆ ಒಂದು ಕಾರಣ ‘ಅಲಂಕಾರ’ ಎಂಬ ಮಾತನ್ನು ನಾವು ಕೇಳಿಸಿಕೊಳ್ಳುವ ರೀತಿಯಲ್ಲೇ ಇದೆ. ಆ ಪದ ಕಿವಿಗೆ ಬಿದ್ದೊಡನೆ ಒಡವೆ, ಹೂವು, ರೇಷ್ಮೆ ಸೀರೆ ಕಣ್ಣಿಗೆ ಬರುತ್ತವೆ. ಮೈ ಮೊದಲೇ ಇದೆ, ಒಡವೆ ಆಮೇಲೆ ಬಂದದ್ದು, ತೆಗೆದಿಟ್ಟರೂ ಮೈಗೆ ನಷ್ಟವಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟ ಅಲಂಕಾರಗಳನ್ನು ಹಾರದಂಥ ಆಭರಣಗಳಿಗೆ ಹೋಲಿಸಿದ ಮೇಲೆ ಈ ಚಿತ್ರ ಇನ್ನಷ್ಟು ಗಟ್ಟಿಯಾಯಿತು. ಆದರೆ ಪದವನ್ನು ಬಿಡಿಸಿ ನೋಡಿದರೆ ಸಿಗುವುದು ಬೇರೆ. ಸಂಸ್ಕೃತದ ‘ಅಲಂ’ ಎಂದರೆ ಸಾಕು. ಅಲಂಕಾರವೆಂದರೆ ಸಾಕಷ್ಟಾಗಿಸುವುದು, ಅಣಿಗೊಳಿಸುವುದು. ಹೇಳಬೇಕಾದದ್ದಕ್ಕೆ ಇದ್ದ ಮಾತು ಸಾಲದಾದಾಗ ಅದನ್ನು ಸಾಲುವಂತೆ ಮಾಡುವ ಉಪಾಯ ಅದು. ಸುಮಾರು ಕ್ರಿ.ಶ. 850ರ ಕಾಲದ ‘ಕವಿರಾಜಮಾರ್ಗ’ ಅಲಂಕಾರಗಳಿಗೆ ಅಷ್ಟೊಂದು ಜಾಗ ಕೊಟ್ಟದ್ದು ಏಕೆ ಎಂಬುದನ್ನೂ ಈ ಬೆಳಕಿನಲ್ಲಿ ನೋಡಬಹುದು. ಕನ್ನಡವನ್ನು ದೊಡ್ಡ ಕಾವ್ಯಕ್ಕೆ ಸಾಲುವ ನುಡಿಯಾಗಿ ಅಣಿಗೊಳಿಸುವುದು ಆ ಕೃತಿಯ ಮುಖ್ಯ ಕಾಳಜಿಗಳಲ್ಲೊಂದು. ಇಂಗ್ಲಿಷ್ ಅಲಂಕಾರಗಳನ್ನೂ ಒಡವೆಯೆಂದು ಎಣಿಸದೆ, ಮಾತನ್ನು ಸಾಲುವಂತೆ ಮಾಡಿದ ದುಡಿಮೆ ಎಂದು ನೋಡಿದರೆ ಆ ಭಾಷೆ ನಮಗೆ ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಪುರಾವೆಗೆ ಕಾವ್ಯದವರೆಗೆ ಹೋಗಬೇಕಿಲ್ಲ, ಮನೆಯ ಕಿಟಕಿ ಸಾಕು. ಇಂಗ್ಲಿಷಿನ ‘ವಿಂಡೋ’ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಜನ ಅದನ್ನು ತಂದರು, ಅದರ ಅರ್ಥ ಗಾಳಿಗಣ್ಣು. ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ಇದ್ದ ಪದದಲ್ಲೂ ಕಣ್ಣೇ ಇತ್ತು: ಕಣ್ಣಿನ ತೂತು. ನಮ್ಮ ‘ಗವಾಕ್ಷ’ವನ್ನು ಬಿಡಿಸಿದರೆ ಗೋವಿನ ಕಣ್ಣು. ಸಾವಿರಾರು ಮೈಲಿ ದೂರದ ಜನ ಗೋಡೆಯಲ್ಲೊಂದು ಕಂಡಿ ಕೊರೆದು, ಅದಕ್ಕೆ ಹೆಸರಿಡುವಾಗ ತಮ್ಮ ಮುಖವನ್ನೋ ಹಟ್ಟಿಯ ಹಸುವಿನ ಮುಖವನ್ನೋ ನೆನೆದರು. ‘ಡೇಸಿ’ ಎಂಬ ಪುಟ್ಟ ಹೂವು ಬೆಳಗಾದಾಗ ಎಸಳು ಬಿಚ್ಚಿ ಸಂಜೆ ಮುಚ್ಚಿಕೊಳ್ಳುತ್ತದೆ. ಅದರ ಹೆಸರು ‘ಹಗಲಿನ ಕಣ್ಣು’ ಎಂಬ ಎರಡು ಪದಗಳು ಸವೆದು ಒಂದಾದದ್ದು. ಕಬ್ಬಿನ ಗೆಣ್ಣಿನಲ್ಲಿ, ತೆಂಗಿನಕಾಯಿಯ ತುದಿಯಲ್ಲಿ, ಸೂಜಿಯಲ್ಲಿ ಕಣ್ಣು ಕಾಣುವ ನಮಗೆ ಇದರಲ್ಲಿ ಬೆರಗಿಲ್ಲ, ನೆಂಟಸ್ತಿಕೆ ಇದೆ. ‘ಮಸಲ್’ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ. ತೋಳು ಮಡಿಸಿದಾಗ ಚರ್ಮದಡಿಯಲ್ಲಿ ಏನೋ ಓಡಾಡಿದಂತೆ ಕಂಡ ಯಾರದೋ ಕಣ್ಣು ಆ ಪದದಲ್ಲಿ ಉಳಿದುಕೊಂಡಿದೆ. ‘ಲಾರ್ಡ್’ ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿ ಕಾಯುವವನು, ‘ಲೇಡಿ’ ರೊಟ್ಟಿಯ ಹಿಟ್ಟು ನಾದುವವಳು. ಒಡೆತನದ ಕಲ್ಪನೆಯನ್ನು ಹೇಳಲು ಆ ಸಮಾಜ ಅಡುಗೆಮನೆಯಿಂದ ಚಿತ್ರ ತೆಗೆದುಕೊಂಡಿತು.

ಮನಸ್ಸಿನ ಕೆಲಸಗಳನ್ನು ಹೆಸರಿಸುವ ಪದಗಳಲ್ಲಂತೂ ಇದನ್ನು ತಪ್ಪಿಸಿಕೊಳ್ಳಲಾಗದು. ಕಣ್ಣಿಗೆ ಕಾಣದ್ದನ್ನು ಹೇಳಲು ಕಾಣುವುದರಿಂದಲೇ ಸಾಲ ತರಬೇಕು. ‘ಕಾಂಪ್ರಿಹೆಂಡ್’ ಎಂಬ ಪದದ ಬೇರು ಕೈಯಿಂದ ಹಿಡಿಯುವುದು. ನಾವು ‘ಗ್ರಹಿಸು’ ಎನ್ನುವಾಗಲೂ ಹಿಡಿಯುವುದನ್ನೇ ಹೇಳುತ್ತೇವೆ. ವಾದವನ್ನು ‘ಖಂಡಿಸು’ವಾಗ ಕತ್ತರಿಸುತ್ತೇವೆ, ಮೊಕದ್ದಮೆಯನ್ನು ಬಾಣದಂತೆ ‘ಹೂಡು’ತ್ತೇವೆ, ಇಂಗ್ಲಿಷಿನವರೂ ಎದುರಾಳಿಯ ವಾದದ ಮೇಲೆ ದಾಳಿ ಮಾಡುತ್ತಾರೆ, ತಮ್ಮದನ್ನು ರಕ್ಷಿಸಿಕೊಳ್ಳುತ್ತಾರೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ, ರೂಪಕಗಳನ್ನು ಕುರಿತ ಹೆಸರಾಂತ ಪುಸ್ತಕದ ತಿರುಳೇ ಇದು: ರೂಪಕ ಬರೀ ಮಾತಿನ ವಿಷಯವಲ್ಲ, ಯೋಚನೆಯ ವಿಷಯ, ಇಂಗ್ಲಿಷ್ ಮಾತಾಡುವವರು ವಾದವನ್ನು ಯುದ್ಧವೆಂದೂ ಕಾಲವನ್ನು ಹಣವೆಂದೂ ಬಗೆದು ಬದುಕುತ್ತಾರೆ. ಅವರು ಕಾಲವನ್ನು ಉಳಿಸುತ್ತಾರೆ, ಖರ್ಚು ಮಾಡುತ್ತಾರೆ, ಹೂಡಿಕೆ ಮಾಡುತ್ತಾರೆ. ಕನ್ನಡಿಗರು ಕಾಲ ‘ಕಳೆಯು’ತ್ತೇವೆ. ಈಚೆಗೆ ಸಮಯ ಉಳಿಸುವುದನ್ನೂ ಕಲಿತಿದ್ದೇವೆ.

ಇದಕ್ಕಿಂತ ದೊಡ್ಡ ಸಾಕ್ಷ್ಯ ಅಲಂಕಾರಗಳ ವಿರೋಧಿಯೊಬ್ಬನಿಂದಲೇ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಹೊಸ ವಿಜ್ಞಾನದ ಉತ್ಸಾಹಿಗಳಿಗೆ ಅಲಂಕಾರ ಬೇಡವಾಗಿತ್ತು. 1667ರಲ್ಲಿ ರಾಯಲ್ ಸೊಸೈಟಿಯ ಇತಿಹಾಸ ಬರೆದ ಥಾಮಸ್ ಸ್ಪ್ರ್ಯಾಟ್, ಸತ್ಯ ಹೇಳಲು ಬರಿಮೈಯ ಭಾಷೆ ಬೇಕೆಂದು ಒತ್ತಾಯಿಸಿದ. ದಾರ್ಶನಿಕ ಜಾನ್ ಲಾಕ್ 1690ರ ತನ್ನ ಮಹಾಪ್ರಬಂಧದಲ್ಲಿ ಅಲಂಕೃತ ಮಾತನ್ನು ವಂಚನೆಯೆಂದೇ ಕರೆದ. ಆದರೆ ಅದೇ ಪ್ರಬಂಧದಲ್ಲಿ ಅವನು ಮನಸ್ಸನ್ನು ವಿವರಿಸಿದ್ದು ಹೇಗೆ? ಏನೂ ಬರೆಯದ ಬಿಳಿ ಕಾಗದವೆಂದು. ಬೆಳಕು ಸಣ್ಣ ಕಂಡಿಯಿಂದ ಒಳಬರುವ ಕತ್ತಲ ಕೋಣೆಯೆಂದು. ತನ್ನ ಕೆಲಸವನ್ನು ಹೇಳಿಕೊಳ್ಳಲು, ಜ್ಞಾನದ ದಾರಿಯಲ್ಲಿ ಬಿದ್ದ ಕಸ ತೆಗೆಯುವ ಕೂಲಿಯಾಳಿನ ಚಿತ್ರ ಬಳಸಿದ. ಇದನ್ನು ಲಾಕ್‌ನ ಸೋಲೆಂದು ನಾನು ಹೇಳುವುದಿಲ್ಲ. ‘ಕಲ್ಪಿಸು’, ‘ಗ್ರಹಿಸು’ ಎಂಬಂಥ ಪದಗಳೆಲ್ಲ ಇಂದ್ರಿಯಗಳ ಲೋಕದಿಂದ ಎರವಲು ಬಂದವೆಂಬುದನ್ನು ಗಮನಿಸಿ ಬರೆದವನೂ ಅವನೇ. ಅಷ್ಟು ಸೂಕ್ಷ್ಮಮತಿಗೂ ಅಲಂಕಾರ ಬಿಟ್ಟು ಮನಸ್ಸಿನ ಬಗ್ಗೆ ಒಂದು ಪುಟ ಬರೆಯಲಾಗಲಿಲ್ಲವೆಂದರೆ, ಮೈಯಿಂದ ಕಳಚಿಡಬಹುದಾದ ವಸ್ತುವಲ್ಲ ಅದು.

ಪದಗಳ ಚರಿತ್ರೆಯನ್ನು ಹೀಗೆ ಓದುವ ಪರಿಪಾಠ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇರುಬಿಟ್ಟ ಬಗೆ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ರಿಚರ್ಡ್ ಚೆನೆವಿಕ್ಸ್ ಟ್ರೆಂಚ್ ಎಂಬ ಪಾದ್ರಿ ವಿಂಚೆಸ್ಟರಿನ ಒಂದು ತರಬೇತಿ ಶಾಲೆಯಲ್ಲಿ, ಮುಂದೆ ಮೇಷ್ಟ್ರಾಗಲಿದ್ದ ಹುಡುಗರಿಗೆ ಪದಗಳ ಬಗ್ಗೆ ಉಪನ್ಯಾಸ ಕೊಟ್ಟರು. ಅವು 1851ರಲ್ಲಿ ಪುಸ್ತಕವಾದವು. ಒಂದೊಂದು ಪದದಲ್ಲೂ ಒಂದು ಕಾಲದ ಕಲ್ಪನೆ, ನೀತಿ, ಇತಿಹಾಸ ಹುದುಗಿದೆ, ಅದನ್ನು ಮಕ್ಕಳಿಗೆ ಬಿಡಿಸಿ ತೋರಿಸಿ ಎಂಬುದು ಅವರ ಬೋಧನೆಯ ಸಾರ. ಅದೇ ಟ್ರೆಂಚ್ 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಇದ್ದ ನಿಘಂಟುಗಳ ಕೊರತೆಗಳನ್ನು ಕುರಿತು ಮಾತಾಡಿದರು. ಆ ಮಾತಿನಿಂದ ಮೊಳೆತದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. 1879ರಲ್ಲಿ ಜೇಮ್ಸ್ ಮರ್ರೆ ಅದರ ಸಂಪಾದಕರಾದರು, 1884ರಲ್ಲಿ ಮೊದಲ ಕಂತು ಬಂತು, ಮರ್ರೆ 1915ರಲ್ಲಿ ತೀರಿಕೊಂಡರು, ಕೊನೆಯ ಕಂತು ಬಂದದ್ದು 1928ರಲ್ಲಿ. ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಅವು ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ಬಳಕೆಯಾದವೆಂದು ತೋರಿಸುವ 18 ಲಕ್ಷಕ್ಕೂ ಹೆಚ್ಚು ಉದಾಹರಣೆಗಳು. ಅವುಗಳಲ್ಲಿ ಬಹುಪಾಲನ್ನು ಚೀಟಿಗಳಲ್ಲಿ ಬರೆದು ಕಳಿಸಿದವರು ಊರೂರಿನ ಸಾಮಾನ್ಯ ಓದುಗರು. ಇಷ್ಟು ದೊಡ್ಡ ಕೆಲಸದ ಹಿಂದೆ ಮೇಷ್ಟ್ರುಗಳ ತರಬೇತಿ ಶಾಲೆಯಲ್ಲಿ ಹದಗೊಂಡ ನಂಬಿಕೆಯಿತ್ತು ಎಂಬುದನ್ನು ನಾವು ನೆನೆಯಬೇಕು.

ಆ ಚೀಟಿಗಳನ್ನು ಸಾಲಾಗಿ ಜೋಡಿಸಿದರೆ ಅಲಂಕಾರಗಳು ಶತಮಾನಗಳ ಉದ್ದಕ್ಕೂ ಕೆಲಸ ಮಾಡಿದ್ದು ಕಾಣುತ್ತದೆ. ‘ಸಿಲ್ಲಿ’ ಎಂಬ ಪದಕ್ಕೆ ಮೊದಲಿದ್ದ ಅರ್ಥ ಧನ್ಯ, ಪುಣ್ಯವಂತ. ಪುಣ್ಯವಂತ ನಿಷ್ಕಪಟಿಯಾದ, ನಿಷ್ಕಪಟಿ ಕನಿಕರಕ್ಕೆ ತಕ್ಕವನಾದ, ಕನಿಕರ ಹುಟ್ಟಿಸುವವನು ಕೊನೆಗೆ ಪೆದ್ದನಾದ. ನಮ್ಮ ‘ಮುಗ್ಧ’ ಇದರ ಎದುರು ದಿಕ್ಕಿನಲ್ಲಿ ನಡೆದು ಬಂದಿದೆ: ಮೂಲದಲ್ಲಿ ದಿಕ್ಕುತಪ್ಪಿದವನು, ತಿಳಿಗೇಡಿ, ಈಗ ಕಪಟವರಿಯದವನು. ‘ಪಾಪದ ಹುಡುಗ’ ಎನ್ನುವಾಗ ನಾವು ಪಾಪಿಯನ್ನು ಹೇಳುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ‘ಡಿಯರ್’ ಎಂದರೆ ಹಿಂದೆ ಯಾವುದೇ ಪ್ರಾಣಿ, ಈಗ ಜಿಂಕೆ ಮಾತ್ರ. ಸಂಸ್ಕೃತದ ಮೃಗಕ್ಕೂ ಈ ಎರಡೂ ಅರ್ಥಗಳಿವೆ, ಹಾಗಾಗಿಯೇ ಮೃಗಶಿರದಲ್ಲಿ ಜಿಂಕೆ, ಮೃಗಾಲಯದಲ್ಲಿ ಸಕಲ ಪ್ರಾಣಿಗಳು. ಇಡಿಯ ಹೆಸರು ಬಿಡಿಗೆ, ಬಿಡಿಯ ಹೆಸರು ಇಡಿಗೆ ಬರುವುದನ್ನು ಇಂಗ್ಲಿಷ್ ಅಲಂಕಾರಶಾಸ್ತ್ರ ಸಿನೆಕ್ಡಕಿ ಎನ್ನುತ್ತದೆ. ಹೆಸರು ಬೆದರಿಸುವಂತಿದೆ, ಆದರೆ ‘ಆ ಮನೆಯಲ್ಲಿ ಉಣ್ಣುವ ಬಾಯಿ ಐದು’ ಎನ್ನುವ ಅಜ್ಜಿಗೆ ಅದು ದಿನಬಳಕೆಯ ಸರಕು. ‘ನೈಸ್’ ಪದದ ಕಥೆ ಇನ್ನೂ ಮುಂದುವರಿಯುತ್ತಿದೆ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಅರಿವಿಲ್ಲದವನು ಎಂದರ್ಥ. ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದಾಗ ಮೂರ್ಖ, ಬಳಿಕ ಅತಿಸೂಕ್ಷ್ಮದವನು, ಆಮೇಲೆ ನಿಖರ, ಈಗ ಹಿತವಾದದ್ದು. ಅಲ್ಲಿಂದ ಕನ್ನಡದ ಅಡುಗೆಮನೆಗೆ ಬಂದು, ‘ಮಸಾಲೆಯನ್ನು ನೈಸಾಗಿ ರುಬ್ಬಿಕೊಳ್ಳಿ’ ಎಂಬಲ್ಲಿ ನುಣುಪು ಎಂಬ ಇನ್ನೊಂದು ಅರ್ಥ ಪಡೆದಿದೆ. ಈ ಹೊಸ ಅರ್ಥವನ್ನು ಕೊಟ್ಟವರು ಭಾಷಾವಿದ್ವಾಂಸರಲ್ಲ.

ಹಾಗಾದರೆ ಎಲ್ಲ ಮಾತೂ ಅಲಂಕಾರವೇ ಆದರೆ ಕವಿಗೂ ಕಿರಾಣಿ ಅಂಗಡಿಯವನಿಗೂ ಏನು ವ್ಯತ್ಯಾಸ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ದಿನಬಳಕೆಯಲ್ಲಿ ಚಿತ್ರ ನಿದ್ದೆ ಹೋಗಿರುತ್ತದೆ, ಕವಿ ಅದನ್ನು ಎಬ್ಬಿಸುತ್ತಾನೆ. ಹಾಗೆ ಎಬ್ಬಿಸಬೇಕಾದರೆ ಅದು ಮೊದಲೇ ಮಾತಿನೊಳಗೆ ಮಲಗಿರಬೇಕು. ಕನ್ನಡದಲ್ಲಿ ಬೇಂದ್ರೆಯವರನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಧಾರವಾಡದ ಬೀದಿಯ ಮಾತನ್ನೇ ತಿರುವಿ, ಅದರೊಳಗೆ ಎರಡು ಮೂರು ಅರ್ಥಗಳು ಒಟ್ಟಿಗೆ ಕಣ್ಣುಬಿಡುವಂತೆ ಅವರು ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಈ ಬಗೆಯ ಬಹುಅರ್ಥಗಳನ್ನು ಶಾಸ್ತ್ರವಾಗಿ ನೋಡಿದವರು ವಿಲಿಯಂ ಎಂಪ್ಸನ್. 1930ರಲ್ಲಿ, ಇನ್ನೂ 24ರ ಹರೆಯದಲ್ಲಿ, ಅವರು ಸಂದಿಗ್ಧತೆಯ ಏಳು ಬಗೆಗಳನ್ನು ವಿವರಿಸುವ ಪುಸ್ತಕ ಬರೆದರು. ಒಂದು ಪದಕ್ಕೆ ನಿಘಂಟಿನಲ್ಲಿರುವ ಹಲವು ಅರ್ಥಗಳು ಒಳ್ಳೆಯ ಪದ್ಯದಲ್ಲಿ ಏಕಕಾಲಕ್ಕೆ ದುಡಿಯುತ್ತವೆ ಎಂದು ಪದ್ಯ ಪದ್ಯ ಬಿಡಿಸಿ ತೋರಿಸಿದರು.

ಇಂಗ್ಲಿಷಿಗೆ ಅದರದೇ ಆದ ಇನ್ನೊಂದು ಸಾಧನವಿದೆ, ಅದನ್ನು ಅಲಂಕಾರಗಳ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನೆಲೆಸಿತು. ಚರ್ಚು ಮತ್ತು ವಿದ್ಯೆಯಲ್ಲಿ ಲ್ಯಾಟಿನ್ ಇತ್ತು. ಹೊಲಮನೆಗಳಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾನೂನಾಗಲು 1362ರವರೆಗೆ ಕಾಯಬೇಕಾಯಿತು. ಪರಿಣಾಮವಾಗಿ ಒಂದೇ ಸಂಗತಿಗೆ ಮೂರು ಅಂತಸ್ತಿನ ಪದಗಳು ಉಳಿದವು. ‘ಆಸ್ಕ್’ ಮನೆಯ ಮಾತು, ‘ಕ್ವೆಶ್ಚನ್’ ಫ್ರೆಂಚಿನದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಗೆಳೆಯ ಕೇಳುತ್ತಾನೆ, ಮೇಲಧಿಕಾರಿ ಪ್ರಶ್ನಿಸುತ್ತಾನೆ, ಪೊಲೀಸರು ವಿಚಾರಣೆ ಮಾಡುತ್ತಾರೆ. ಮೂರರ ಎದುರಿಗೂ ‘ಕೇಳು’ ಎಂದು ಬರೆದಿಡುವ ಪದಪಟ್ಟಿ ಅರ್ಥದ ಅರ್ಧವನ್ನು ನುಂಗಿಬಿಡುತ್ತದೆ. ಕನ್ನಡಿಗರಿಗೆ ಇದು ಹೊಸದೇನಲ್ಲ. ನಾವು ವಾಸಿಸುವುದು ಮನೆಯಲ್ಲಿ, ಆದರೆ ಮಂತ್ರಿ ಮಾತ್ರ ಗೃಹಸಚಿವ. ಕುಡಿಯುವುದು ನೀರು, ಇಲಾಖೆ ಮಾತ್ರ ಜಲಸಂಪನ್ಮೂಲದ್ದು. ಶೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ ನಾಟಕದ ಎರಡನೆಯ ಅಂಕದಲ್ಲಿ, ಕೊಲೆ ಮಾಡಿದ ಕೈಯನ್ನು ನೋಡಿಕೊಳ್ಳುವ ನಾಯಕನ ಬಾಯಲ್ಲಿ ಮೊದಲು ಉದ್ದುದ್ದ ಲ್ಯಾಟಿನ್ ಪದಗಳನ್ನು ಇಡುತ್ತಾನೆ. ಮರುಗಳಿಗೆಯಲ್ಲಿ ಅದೇ ಚಿತ್ರವನ್ನು ಹಳ್ಳಿಯ ಮಗುವಿಗೂ ತಿಳಿಯುವ ಏಕಾಕ್ಷರದ ಇಂಗ್ಲಿಷ್ ಪದಗಳಲ್ಲಿ ಹೇಳಿಸುತ್ತಾನೆ. ಕಡಲಿನಷ್ಟು ಹರಡಿದ ಭಯ ಒಂದು ಕೆಂಪು ಬಣ್ಣಕ್ಕೆ ಕುಗ್ಗಿ ನಿಲ್ಲುತ್ತದೆ. ಅಲ್ಲಿ ಅತಿಶಯೋಕ್ತಿ ಇದೆ ಎಂದು ಹೆಸರಿಸಿದವನಿಗೆ ಅಂಕ ಸಿಗಬಹುದು. ಪದಗಳ ಅಂತಸ್ತಿನ ಆ ಇಳಿತ ಕೇಳಿಸದಿದ್ದರೆ ನಾಟಕ ಅವನಿಗೆ ಸಿಕ್ಕಿಲ್ಲ.

ಬರೀ ಹೆಸರಿಸುವ ಓದು ಎಷ್ಟು ದುರ್ಬಲ ಎಂಬುದಕ್ಕೆ ಕೇಂಬ್ರಿಜ್‌ನಲ್ಲಿ ನಡೆದ ಒಂದು ಪ್ರಯೋಗ ಕಣ್ಣು ತೆರೆಸುತ್ತದೆ. ಐ. ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಕವಿಗಳ ಹೆಸರು ತೆಗೆದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅನಿಸಿದ್ದನ್ನು ಬರೆದು ತನ್ನಿ ಎಂದರು. ಅವುಗಳಲ್ಲಿ 13 ಪದ್ಯಗಳಿಗೆ ಬಂದ ಬರಹಗಳನ್ನು ವಿಶ್ಲೇಷಿಸಿ 1929ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಎಲ್ಲಕ್ಕಿಂತ ಕಳವಳ ಹುಟ್ಟಿಸುವ ಸಂಗತಿ, ಇಂಗ್ಲಿಷ್ ತಾಯ್ನುಡಿಯಾಗಿದ್ದ, ಚೆನ್ನಾಗಿ ಓದಿಕೊಂಡ ಯುವಜನರಲ್ಲೂ ಅನೇಕರಿಗೆ ಪದ್ಯದ ನೇರ ಅರ್ಥವೇ ದಕ್ಕಿರಲಿಲ್ಲ. ರಿಚರ್ಡ್ಸ್ ಅರ್ಥವನ್ನು ನಾಲ್ಕಾಗಿ ಬಿಡಿಸಿದರು: ಏನು ಹೇಳಿದೆ, ಹೇಳಿದ್ದರ ಬಗ್ಗೆ ಭಾವವೇನು, ಕೇಳುಗನ ಕಡೆಗೆ ಧಾಟಿ ಎಂಥದು, ಉದ್ದೇಶವೇನು. ‘ನಾಟ್ ಬ್ಯಾಡ್’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಪದಶಃ ನೋಡಿದರೆ ‘ಕೆಟ್ಟದ್ದಲ್ಲ’, ಆಂಗ್ಲರ ಬಾಯಲ್ಲಿ ಅದು ಹೊಗಳಿಕೆ. ನಿಷೇಧದ ಮೂಲಕ ತಗ್ಗಿಸಿ ಹೇಳಿ ಹೆಚ್ಚಿಸುವ ಈ ರೀತಿ, ಸಾವಿರ ವರ್ಷ ಹಳೆಯ ಹಸ್ತಪ್ರತಿಯೊಂದರಲ್ಲಿ ಉಳಿದು ಬಂದಿರುವ ‘ಬೇವುಲ್ಫ್’ ಕಾವ್ಯದಲ್ಲೂ ಹೇರಳವಾಗಿದೆ. ಮಗಳ ಸಂಗೀತ ಕೇಳಿ ‘ಪರವಾಗಿಲ್ಲ’ ಎನ್ನುವ ಕನ್ನಡದ ತಂದೆಗೆ ಅದರ ಸ್ವಾರಸ್ಯ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಆದರೆ ಆ ತಂದೆಯ ಮಾತಿಗೂ ಪಠ್ಯದಲ್ಲಿ ಬರುವ ಲೈಟೊಟೀಸ್ ಎಂಬ ಹೆಸರಿಗೂ ನಡುವೆ ಯಾರೂ ಸೇತುವೆ ಕಟ್ಟಿಲ್ಲ.

ಹೆಸರುಗಳೇ ಬೇಡವೇ ಎಂದರೆ, ಬೇಕು. ವೈದ್ಯಕೀಯ ವಿದ್ಯಾರ್ಥಿ ಎಲುಬುಗಳ ಹೆಸರು ಕಲಿಯುವಂತೆ ಸಾಹಿತ್ಯದ ವಿದ್ಯಾರ್ಥಿಗೂ ಹೆಸರುಗಳ ಅಗತ್ಯವಿದೆ. ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸಲು ಬೆರಳಿನಂತೆ ಅವು ಬಳಕೆಯಾಗುತ್ತವೆ. ಆದರೆ ಹೆಸರು ಕೆಲಸವನ್ನು ಹೇಳುವಂತಿರಬೇಕು. 1589ರಲ್ಲಿ ಇಂಗ್ಲಿಷ್ ಕಾವ್ಯಕಲೆಯ ಬಗ್ಗೆ ಪುಸ್ತಕ ಬರೆದ ಜಾರ್ಜ್ ಪಟೆನ್‌ಹ್ಯಾಮ್‌ಗೆ ಇದು ಗೊತ್ತಿತ್ತು. ಗ್ರೀಕ್ ಹೆಸರುಗಳು ತನ್ನ ಓದುಗರಿಗೆ ಹತ್ತಿರವಾಗಲಿ ಎಂದು ಅವನು ಅವುಗಳ ಪಕ್ಕದಲ್ಲಿ ಇಂಗ್ಲಿಷ್ ಹೆಸರುಗಳನ್ನು ಕಟ್ಟಿದ. ಐರನಿ ಅವನಿಗೆ ‘ಒಣ ಅಣಕ’, ಹೈಪರ್ಬಲಿ ‘ಗಟ್ಟಿ ದನಿಯ ಸುಳ್ಳುಗಾರ’, ಮೆಟಫರ್ ‘ಸಾಗಾಟದ ಅಲಂಕಾರ’. ಕೊನೆಯದು ಅಕ್ಷರಶಃ ಸರಿ: ಗ್ರೀಕಿನಲ್ಲಿ ಆ ಪದಕ್ಕೆ ಹೊತ್ತೊಯ್ಯುವುದು ಎಂದೇ ಅರ್ಥ, ಇಂದಿಗೂ ಅಥೆನ್ಸಿನ ಬೀದಿಗಳಲ್ಲಿ ಸಾಮಾನು ಸಾಗಿಸುವ ಗಾಡಿಗಳ ಮೇಲೆ ಅದೇ ಪದವಿರುತ್ತದೆ. ಪಟೆನ್‌ಹ್ಯಾಮ್‌ನ ಹೆಸರುಗಳು ಉಳಿಯಲಿಲ್ಲ. ಆದರೂ ಎಂಟನೆಯ ತರಗತಿಯ ಮಗುವಿಗೆ ಮೆಟಫರ್ ಎಂದರೆ ಹೊರೆ ಸಾಗಿಸುವ ಗಾಡಿ, ಏನನ್ನು ಎಲ್ಲಿಂದ ಎಲ್ಲಿಗೆ ಹೊತ್ತಿದೆ ನೋಡು ಎಂದು ಹೇಳಿದರೆ ಅದು ನೋಡಿಯೇ ನೋಡುತ್ತದೆ.

ಇನ್ನೊಂದು ಆಕ್ಷೇಪಣೆ ಭಾಷಾವಿಜ್ಞಾನದ ಕಡೆಯದು. ಪದದ ಮೂಲಾರ್ಥವೇ ನಿಜವಾದ ಅರ್ಥವೆಂದು ವಾದಿಸುವುದು ದೊಡ್ಡ ಪ್ರಮಾದ. ಇಂದು ಮಾತಾಡುವವರ ಮನಸ್ಸಿನಲ್ಲಿ ಇರುವುದಷ್ಟೇ ಅರ್ಥ ಎಂದು ಭಾಷಾವಿಜ್ಞಾನಿಗಳು ಎಚ್ಚರಿಸುತ್ತಾರೆ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನೈಸ್ ಎಂದು ಹೊಗಳಿಸಿಕೊಂಡವರು ತಾವು ಮೂರ್ಖರಾದೆವೆಂದು ತಿಳಿಯಬೇಕಿಲ್ಲ. ಮೂಲವನ್ನು ತೋರಿಸುವುದು ಅದಕ್ಕೆ ಮರಳಲಿ ಎಂದಲ್ಲ. ಪದ ನಡೆದ ದಾರಿ ಕಂಡರೆ ಅದು ಮುಂದೆ ಎತ್ತ ತಿರುಗಬಲ್ಲದು ಎಂಬುದರ ಅಂದಾಜು ಸಿಗುತ್ತದೆ ಎಂದು. ‘ಮೌಸ್’, ‘ಕ್ಲೌಡ್’, ‘ವೈರಸ್’ ಎಂಬ ಪದಗಳು ಕಂಪ್ಯೂಟರಿಗೆ ಬಂದದ್ದು ಮಸಲ್‌ನೊಳಗೆ ಇಲಿ ಹೊಕ್ಕ ಅದೇ ಬಾಗಿಲಿನಿಂದ. ಆ ಬಾಗಿಲು ಎಂದೂ ಮುಚ್ಚಿಲ್ಲ.

ಎಲ್ಲಕ್ಕಿಂತ ಭಾರವಾದ ಆಕ್ಷೇಪಣೆ ಪೋಷಕರದು. ಇಂಗ್ಲಿಷ್ ನಮ್ಮ ಮಕ್ಕಳಿಗೆ ಕೆಲಸಕ್ಕಾಗಿ ಬೇಕು, ಸಂದರ್ಶನಕ್ಕಾಗಿ ಬೇಕು, ರೂಪಕ ಕಟ್ಟಿಕೊಂಡು ಏನಾಗಬೇಕು ಎಂದು ಅವರು ಕೇಳುತ್ತಾರೆ. ಹಣ ಖರ್ಚು ಮಾಡಿ, ಸಾಲ ಮಾಡಿ ಓದಿಸುವವರ ಈ ಪ್ರಶ್ನೆಯನ್ನು ಸಾಹಿತ್ಯಪ್ರಿಯರು ತಳ್ಳಿಹಾಕುವುದು ಸಲ್ಲದು. ಆದರೆ ಆ ಕೆಲಸದ ಜಾಗದಲ್ಲಿ ಕಾಯುತ್ತಿರುವ ಇಂಗ್ಲಿಷ್ ಎಂಥದು? ಹಣಕಾಸಿನ ಭಾಷೆ ಪೂರ್ತಿ ನೀರಿನದು: ಹಣ ಹರಿಯುತ್ತದೆ, ಖಾತೆ ಹೆಪ್ಪುಗಟ್ಟುತ್ತದೆ, ಕಂಪನಿ ಮುಳುಗುತ್ತದೆ ಇಲ್ಲವೇ ತೇಲುತ್ತದೆ, ಕೈಯಲ್ಲಿರುವ ರೊಕ್ಕ ‘ಲಿಕ್ವಿಡ್’. ಕೆಲಸದಿಂದ ತೆಗೆದುಹಾಕುವ ಪತ್ರದಲ್ಲಿ ‘ತೆಗೆದುಹಾಕಿದ್ದೇವೆ’ ಎಂಬ ಮಾತು ಇರುವುದಿಲ್ಲ, ‘ಲೆಟ್ ಗೋ’ ಎಂದಿರುತ್ತದೆ, ಹಿಡಿದಿಟ್ಟ ಹಕ್ಕಿಯನ್ನು ಹಾರಲು ಬಿಟ್ಟಂತೆ. ಯುದ್ಧದಲ್ಲಿ ಸತ್ತ ಊರಿನ ಜನ ‘ಕೊಲ್ಯಾಟರಲ್ ಡ್ಯಾಮೇಜ್’ ಆಗುತ್ತಾರೆ, ಪಕ್ಕದ ನಷ್ಟ. ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇಂಥ ಮಾತುಗಳನ್ನೇ ಹಿಡಿದು ತೋರಿಸಿದರು: ಸವೆದ ರೂಪಕಗಳ ಹಿಂದೆ ಯೋಚನೆ ನಿಂತುಹೋಗಿರುತ್ತದೆ, ಮೃದುವಾದ ಪದದ ಹಿಂದೆ ಕ್ರೌರ್ಯ ಅಡಗಿರುತ್ತದೆ. ಸತ್ತವರನ್ನು ‘ಶಿವನ ಪಾದ ಸೇರಿದರು’ ಎನ್ನುವ ನಮಗೆ ಮೃದುಮಾತಿನ ಬೆಲೆ ಗೊತ್ತು. ನೋವನ್ನು ಸಹ್ಯವಾಗಿಸಲು ಬಳಸುವ ಮರೆಯೊಂದು, ಹೊಣೆಯನ್ನು ತಪ್ಪಿಸಿಕೊಳ್ಳಲು ಬಳಸುವ ಮರೆ ಇನ್ನೊಂದು. ಕೆಲಸಕ್ಕೆ ಸೇರುವ ಕರಾರಿಗೆ ಸಹಿ ಹಾಕಲಿರುವ ಯುವತಿಗೆ ಈ ಎರಡರ ಅಂತರ ತಿಳಿದಿರಬೇಕು. ಅದು ಅಲಂಕಾರಗಳ ಓದಿನಿಂದ ಬರುತ್ತದೆ, ಬೇರೆಲ್ಲಿಂದಲೂ ಬರುವುದಿಲ್ಲ.

ಇಂಗ್ಲಿಷ್ ನಮಗೆ ಎರಡನೆಯ ಭಾಷೆಯಾಗಿರುವುದನ್ನು ಈ ಓದಿನಲ್ಲಿ ಕೊರತೆಯೆಂದು ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಆ ಭಾಷೆಯಲ್ಲಿ ಬೆಳೆದವರಿಗೆ ಅಂಗಡಿ ಓಡುವುದು ಕಾಣಿಸುವುದಿಲ್ಲ. ಅಂಗಡಿ ನಡೆಸುವ ಮನೆಯಿಂದ ಬಂದ ಮಗುವಿಗೆ ಕಾಣಿಸುತ್ತದೆ. 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಹೊರತಂದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳ ಒಂದೊಂದು ಚಿತ್ರವನ್ನೂ ಕನ್ನಡದ ಹವೆಯಲ್ಲಿ ಅದು ಬದುಕೀತೇ ಎಂದು ತೂಗಿ ನೋಡಲೇಬೇಕಿತ್ತು. ಅನುವಾದಕನಿಗೆ ಅಲಂಕಾರದ ಹೆಸರು ಬರೆದು ಮುಂದೆ ಹೋಗುವ ಸೌಲಭ್ಯವಿಲ್ಲ. ಆ ತೂಗುವ ಕೆಲಸವನ್ನು ತರಗತಿಗೆ ತರಬಹುದು, ಅದಕ್ಕೆ ಹೊಸ ಪುಸ್ತಕವೂ ಯಂತ್ರವೂ ಬೇಕಿಲ್ಲ.

ನಮ್ಮ ಎಷ್ಟೋ ತರಗತಿಗಳಲ್ಲಿ ಓದಿಸುವ ಶೇಕ್ಸ್‌ಪಿಯರನ ಹದಿನೆಂಟನೆಯ ಸಾನೆಟ್ ಅನ್ನು ನೋಡಿ. 1609ರಲ್ಲಿ ಅಚ್ಚಾದ ಆ ಪದ್ಯ ಪ್ರಿಯವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸಬಹುದೇ ಎಂಬ ಪ್ರಶ್ನೆಯಿಂದ ಮೊದಲಾಗುತ್ತದೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ತಿಂಗಳಲ್ಲಿ ಕುಳಿತ ಹುಡುಗಿಗೆ ಇದು ಪ್ರೀತಿಯ ಮಾತಾಗಿ ಕೇಳಿಸಲು ಸಾಧ್ಯವೇ ಇಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಹೆಚ್ಚು ಉದ್ದ. ತಿಂಗಳುಗಟ್ಟಲೆ ಮೋಡ, ಚಳಿ, ಕತ್ತಲು ಕಳೆದ ಮೇಲೆ ಬರುವ ಬಿಸಿಲು ಅಲ್ಲಿ ವರ. ಅದಕ್ಕೇ ಇಂಗ್ಲಿಷಿನಲ್ಲಿ ಸ್ವಾಗತ ‘ವಾರ್ಮ್’, ಒಳ್ಳೆಯ ಹೃದಯವೂ ಬೆಚ್ಚಗಿನದು, ‘ಕೋಲ್ಡ್’ ಎಂದರೆ ಕರುಣೆಯಿಲ್ಲದ್ದು. ನಮ್ಮಲ್ಲಿ ಹರಸುವವರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾರೆ, ಮಕ್ಕಳ ಮುಖ ನೋಡಿ ಮನಸ್ಸು ತಂಪಾಯಿತು ಎನ್ನುತ್ತಾರೆ, ಕರುಣೆಗೆ ನೆರಳಿನ ಹೆಸರು ಕೊಡುತ್ತಾರೆ. ಪದ್ಯದ ಪಕ್ಕದಲ್ಲಿ ಎರಡು ಸಾಲು ಬರೆಯಲು ಹೇಳಿ: ಒಂದರಲ್ಲಿ ಇಂಗ್ಲಿಷಿನ ಬಿಸಿ ಮತ್ತು ತಂಪಿನ ಮಾತುಗಳು, ಇನ್ನೊಂದರಲ್ಲಿ ಕನ್ನಡದವು. ಹತ್ತು ನಿಮಿಷದಲ್ಲಿ ಹಲಗೆ ತುಂಬುತ್ತದೆ. ‘ಅವರು ಇಲ್ಲಿ ಹುಟ್ಟಿದ್ದರೆ ಯಾವುದಕ್ಕೆ ಹೋಲಿಸುತ್ತಿದ್ದರು, ಮಿಸ್?’ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ, ಅಲಂಕಾರದ ಹೆಸರನ್ನು ಆಮೇಲೆ ಹೇಳಿಕೊಡಬಹುದು.